ಓದು ಒಕ್ಕಾಲು, ಉಳಿದ ಮುಕ್ಕಾಲು ಎಲ್ಲಿದೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನ ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತವೆ. ಪಾಸಾದವರ ಮನೆಯಲ್ಲಿ ಪೇಢೆ ಹಂಚುತ್ತಾರೆ. ಮುಂದಿನ ಓದು ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ಎಂಬ ಚರ್ಚೆ ನಡೆಯುತ್ತದೆ. ಗಣಿತದಲ್ಲಿ ನಪಾಸಾದವನಿಗೆ ಸಿಗುವ ತೀರ್ಪು ಮಾತ್ರ ಒಂದೇ ಸಾಲಿನದು: 'ತಲಿಗೆ ಹತ್ತಲಿಲ್ಲಂದ್ರ ಮಗ್ಗಕ್ಕ ಕುಂಡ್ರು.' ಬುದ್ಧಿಯಿದ್ದವನಿಗೆ ಪುಸ್ತಕ, ಇಲ್ಲದವನಿಗೆ ಮಗ್ಗ ಎಂಬುದು ಇದರ ತಾತ್ಪರ್ಯ. ವಿಚಿತ್ರವೆಂದರೆ, ಆ ಹುಡುಗ ಹೋಗಿ ಕೂಡಬೇಕಾದ ಕುಣಿಮಗ್ಗ ಲೆಕ್ಕ ಬಾರದವನಿಗೆ ಒಂದು ದಿನವೂ ಒಗ್ಗುವಂಥದಲ್ಲ.

ಇಳಕಲ್ ಸೀರೆಯ ಗುಟ್ಟು ಅದರ ಬಣ್ಣಕ್ಕಿಂತ ಜೋಡಣೆಯಲ್ಲಿದೆ. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅವೇ ಆಗಿರುತ್ತವೆ. ಇಲ್ಲಿ ಹಾಗಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದಾಗಿರಬಹುದು. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಹಿಡಿದು, ಕುಣಿಕೆಯೊಳಗೆ ಕುಣಿಕೆ ತೂರಿಸಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಕೆಂಪು ಬಿಳುಪಿನಲ್ಲಿ ಕೋಟೆಯ ತೆನೆಯಂತೆ ಹಲ್ಲುಹಲ್ಲಾಗಿ ಕಾಣುವ ಟೋಪ್ ತೆನಿ ಸೆರಗು ಮೂಡುವುದು ಈ ಕ್ರಮದಿಂದಲೇ. ಗುಡಿಯಿಂದ ಮದುವೆಯ ಮನೆಯವರೆಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ದೂರದಿಂದಲೇ ಗುರುತಿಸುವ ಸೆರಗು ಅದು.

ಕೊಂಡಿಯ ಕ್ರಮದಿಂದ ಒಂದು ಕಟ್ಟುನಿಟ್ಟು ಹುಟ್ಟುತ್ತದೆ. ಹತ್ತಾರು ಸೀರೆಗೆ ಒಂದೇ ಹಾಸು ಸುತ್ತಿಟ್ಟು ನೇಯುತ್ತ ಹೋಗುವಂತಿಲ್ಲ. ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕು. ಸೀರೆ ಆರು ಗಜದ್ದೇ, ಎಂಟು ಗಜದ್ದೇ, ಒಂಬತ್ತು ಗಜದ್ದೇ, ದಡಿಗೆ ಎಷ್ಟು ಎಳೆ, ಮೈಗೆ ಎಷ್ಟು, ಸೆರಗಿನ ಹಾಸಿನಲ್ಲಿ ಅದಕ್ಕೆ ಸರಿಹೊಂದುವ ಎಳೆ ಎಷ್ಟು ಎಂಬುದೆಲ್ಲ ಮೊದಲೇ ತಲೆಯಲ್ಲಿ ಕೂಡಿ ಕಳೆದಿರಬೇಕು. ಹತ್ತಿಗೂ ರೇಷ್ಮೆಗೂ ಬಿಗಿ ಒಂದೇ ಅಲ್ಲ. ಗಾಳಿ ಒಣಗಿದರೆ ನೂಲಿನ ಎಳೆ ಬೇಗ ಹರಿಯುತ್ತದೆ. ಬೆಳಗಿನ ಹದ ಮಧ್ಯಾಹ್ನಕ್ಕೆ ಇರುವುದಿಲ್ಲ. ನೇಕಾರ ಇದನ್ನು ಬೆರಳಿನಿಂದ ತಿಳಿಯುತ್ತಾನೆ. ಮಗ್ಗಕ್ಕೆ ಏರುವ ಮುನ್ನಿನ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು. ಅವರಲ್ಲಿ ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಇದ್ದಾರೆ. ಅನುಪಾತ ಎಂಬ ಶಬ್ದ ಅವರಿಗೆ ಗೊತ್ತಿರಲಿಕ್ಕಿಲ್ಲ, ಅನುಪಾತ ಗೊತ್ತಿದೆ.

ಹಾಗಿದ್ದರೆ ಅದೇ ಮನೆಯ ಹುಡುಗ ಗಣಿತದಲ್ಲಿ ಏಕೆ ನಪಾಸಾಗುತ್ತಾನೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿದ್ದರು. ಟೆರೆಜಿನ್ಹಾ ಕರಾಹರ್, ಡೇವಿಡ್ ಕರಾಹರ್ ಮತ್ತು ಅನಲೂಸಿಯಾ ಶ್ಲೀಮನ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳ ಬಳಿ ಅವರು ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದರು. ನೂರಕ್ಕೆ 98 ಉತ್ತರ ಸರಿಯಾಗಿತ್ತು. ಆಮೇಲೆ ಅದೇ ಮಕ್ಕಳಿಗೆ ಅದೇ ಬಗೆಯ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಕೊಟ್ಟರು. ಕತೆಯ ರೂಪದ ಲೆಕ್ಕಗಳಲ್ಲಿ ಸರಿಯುತ್ತರ ಶೇ. 74ಕ್ಕೆ ಇಳಿಯಿತು, ಬರಿಯ ಅಂಕಿಗಳ ಲೆಕ್ಕದಲ್ಲಿ ಶೇ. 37ಕ್ಕೆ. ಎಳನೀರು ಮಾರುವ ಹನ್ನೆರಡು ವರ್ಷದ ಹುಡುಗನಿಗೆ ಒಂದು ಕಾಯಿಗೆ 35ರಂತೆ ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಅವನು ಸೊನ್ನೆ ಸೇರಿಸಲಿಲ್ಲ. ಮೂರು ಕಾಯಿಗೆ 105 ಎಂಬುದು ಅವನಿಗೆ ಬಾಯಿಪಾಠ. ಮೂರು ಮೂರರಂತೆ ಒಂಬತ್ತರವರೆಗೆ ಕೂಡಿ, ಕೊನೆಗೆ ಒಂದನ್ನು ಸೇರಿಸಿ 350ಕ್ಕೆ ಬಂದು ಮುಟ್ಟಿದ. ನಮ್ಮ ಸಂತೆಯ ಮುದುಕಿಯೂ ಮೆಣಸಿನಕಾಯಿಯ ಲೆಕ್ಕವನ್ನು ಹೀಗೆಯೇ ಮಾಡುತ್ತಾಳೆ.

ಐವರು ಮಕ್ಕಳ ಅಧ್ಯಯನ ಚಿಕ್ಕದು ಎನ್ನುವವರಿಗೆ ಉತ್ತರ ನಮ್ಮ ದೇಶದಲ್ಲೇ ದೊರೆತಿದೆ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ, ಫಲಿತಾಂಶವನ್ನು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂಗಡಿಯಲ್ಲಿ ಚಿಲ್ಲರೆ ಸಹಿತ ಸರಿಯಾಗಿ ಲೆಕ್ಕ ಒಪ್ಪಿಸುವ ಮಕ್ಕಳು ಶಾಲೆಯ ಪುಸ್ತಕದ ಭಾಗಾಕಾರದ ಮುಂದೆ ಮುಗ್ಗರಿಸಿದರು. ಇದು ನಿರೀಕ್ಷಿತವೇ. ಅಧ್ಯಯನದ ಮುಖ್ಯ ಭಾಗ ಇನ್ನೊಂದು ಕಡೆಯಿದೆ: ಶಾಲೆಗೆ ಮಾತ್ರ ಹೋಗುವ ಮಕ್ಕಳು ಪುಸ್ತಕದ ಲೆಕ್ಕವನ್ನು ಎಷ್ಟೋ ಮಟ್ಟಿಗೆ ಬಿಡಿಸಿದರು, ಆದರೆ ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಅಂದರೆ ಸೇತುವೆ ಎರಡೂ ದಡದಿಂದ ಮುರಿದಿದೆ. ಕಲಿತ ಜಾಗದಲ್ಲಿ ಕಲಿತ ವಿದ್ಯೆ ಅಲ್ಲಿಯೇ ಉಳಿಯುತ್ತದೆ. ಯಾರಾದರೂ ಕೈಹಿಡಿದು ದಾಟಿಸದ ಹೊರತು ಆಚೆ ಬರುವುದಿಲ್ಲ.

ಬುದ್ಧಿಯನ್ನು ಅಳೆಯುವ ಆಧುನಿಕ ಪರೀಕ್ಷೆಯ ಮೂಲಪುರುಷ ಫ್ರಾನ್ಸಿನ ಆಲ್ಫ್ರೆಡ್ ಬಿನೆ. 1905ರಲ್ಲಿ ಅವನು ಅದನ್ನು ರೂಪಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. ಒಬ್ಬ ಮನುಷ್ಯನ ಬುದ್ಧಿ ಹುಟ್ಟಿನಿಂದ ಇಷ್ಟೇ ಎಂದು ಮೊಹರು ಹೊಡೆಯುವುದು ಅವನ ಉದ್ದೇಶವಾಗಿರಲಿಲ್ಲ; ಆ ಕೆಲಸವನ್ನು ನಂತರದವರು ಮಾಡಿದರು. 1983ರಲ್ಲಿ ಅಮೆರಿಕದ ಹೋವರ್ಡ್ ಗಾರ್ಡನರ್ ಬುದ್ಧಿ ಒಂದಲ್ಲ, ಏಳು ಬಗೆಯದು ಎಂದು ವಾದಿಸಿದರು. ಶಿಕ್ಷಕರ ತರಬೇತಿಗಳಲ್ಲಿ ಈ ಮಾತು ಬಹಳ ಜನಪ್ರಿಯ. ಆದರೆ ಆ ಏಳೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಕೆಲಸ ಮಾಡುತ್ತವೆ ಎಂಬುದಕ್ಕೆ ಆಧಾರ ದುರ್ಬಲವೆಂದು ಅನೇಕ ಮನೋವಿಜ್ಞಾನಿಗಳು ಆಕ್ಷೇಪಿಸಿದ್ದಾರೆ. ಇಳಕಲ್ಲಿನ ಉದಾಹರಣೆಗೂ ಅದು ಅಷ್ಟಾಗಿ ಹೊಂದುವುದಿಲ್ಲ. ನೇಕಾರನದು ಬರಿಯ ಕೈಯ ಬುದ್ಧಿಯಲ್ಲ, ಅದರೊಳಗೆ ಲೆಕ್ಕವೂ ಇದೆ, ನೆನಪೂ ಇದೆ.

ಈ ಪ್ರಶ್ನೆಗೆ ಜಿಲ್ಲೆಯ ಕಲ್ಲುಗಳೂ ಸಾಕ್ಷಿ ನುಡಿಯುತ್ತವೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯಾದ ಅದರಲ್ಲಿ ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದಾನೆ. ಓದು ಬಲ್ಲವನಿಗೆ ತನ್ನ ಹೆಸರನ್ನು ಉಳಿಸುವ ದಾರಿಯೂ ಗೊತ್ತಿರುತ್ತದೆ. ಸುಮಾರು ನೂರು ವರ್ಷಗಳ ಬಳಿಕ ಬಾದಾಮಿಯ ನೆರೆಯ ಪಟ್ಟದಕಲ್ಲಿನಲ್ಲಿ ದೃಶ್ಯ ಬದಲಾಗುತ್ತದೆ. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ, ಇಂದು ವಿರೂಪಾಕ್ಷ ಎಂದು ಕರೆಯುವ ಗುಡಿಯ ಶಾಸನದಲ್ಲಿ ಅದನ್ನು ನಿರ್ಮಿಸಿದ ಸೂತ್ರಧಾರಿಯ ಹೆಸರಿದೆ: ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆಯಿತು. ಅಲ್ಲಿಯೇ ಸರ್ವಸಿದ್ಧಿ ಆಚಾರಿಯನ್ನು ಹೊಗಳುವ ಶಾಸನವೂ ಇದೆ. ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರಿದೆ.

ಈ ಹೆಸರುಗಳ ಕೊನೆಯ ಶಬ್ದಗಳನ್ನು ಗಮನಿಸಬೇಕು. 'ಆಚಾರಿ' ಬೇರೇನೂ ಅಲ್ಲ, 'ಆಚಾರ್ಯ'. 'ಓವಜ್ಜ', 'ಓಜ' ಎಂಬವು 'ಉಪಾಧ್ಯಾಯ' ಶಬ್ದದ ತದ್ಭವಗಳು. ಹಳಗನ್ನಡದಲ್ಲಿ ಓಜನೆಂದರೆ ಪಾಠ ಹೇಳುವ ಗುರುವೂ ಹೌದು, ಕಲ್ಲು ಕಡೆಯುವವನೂ ಹೌದು. ಕಾಲಾಂತರದಲ್ಲಿ ಆಚಾರ್ಯ ಪೀಠದ ಮೇಲೆ ಕುಳಿತ, ಆಚಾರಿ ಬಡಗಿಯಾಗಿ ಅಂಗಳದಲ್ಲಿ ಉಳಿದ. ಒಂದೇ ಶಬ್ದ ಹೀಗೆ ಎರಡಾದದ್ದರಲ್ಲಿ ನಮ್ಮ ಸಮಾಜದ ದೊಡ್ಡ ಕತೆಯೇ ಅಡಗಿದೆ. ಹನ್ನೆರಡನೆಯ ಶತಮಾನದ ಶರಣರು ಈ ಬಿರುಕನ್ನು ಮುಚ್ಚಲು ನೋಡಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ: ಕಸುಬನ್ನು ಹೆಸರಿನೊಳಗೇ ಹೊತ್ತವರು ವಚನಕಾರರಾದರು. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಇರುವುದು ಇದೇ ಹುನಗುಂದದ ಸೀಮೆಯಲ್ಲಿ.

ಇಷ್ಟರಿಂದ ಪುಸ್ತಕದ ಬದನೆಕಾಯಿ ಯಾವ ಎಣ್ಣೆಗಾಯಿಗೂ ಬಾರದು ಎಂದು ತೀರ್ಮಾನಿಸಿದರೆ ತಪ್ಪಾದೀತು. ಬಾಗಲಕೋಟೆಯವರಿಗೆ ಅದು ಚೆನ್ನಾಗಿ ಗೊತ್ತು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ತಗ್ಗಿನ ಭಾಗಗಳು ಹೋದವು, ಸುತ್ತಲ ಹಳ್ಳಿಗಳ ಎರೆಭೂಮಿ ಹೋಯಿತು. ಹಿಡಿ ಮಣ್ಣು ಮುಟ್ಟಿ ಈ ವರ್ಷ ಬಿಳಿಜೋಳ ಹೇಗೆ ಬಂದೀತೆಂದು ಹೇಳಬಲ್ಲ ರೈತನ ಕೈಗೆ ಬಂದದ್ದು ಒಂದು ಕಾಗದ. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನ ಪ್ರಕಾರ, ಪರಿಹಾರ ಕಡಿಮೆಯಾಯಿತೆಂದು ನ್ಯಾಯಾಲಯದ ಮೊರೆ ಹೋಗಬೇಕಾದರೆ ನಿಗದಿತ ಅವಧಿಯೊಳಗೆ ಲಿಖಿತ ಅರ್ಜಿ ಕೊಡಬೇಕಿತ್ತು. ಅವಧಿ ಮೀರಿದರೆ ಹಕ್ಕು ಮುಗಿಯಿತು. ಭೂಮಿಯ ಬೆಲೆ ಅದನ್ನು ಉತ್ತವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಆ ತಿಳಿವಳಿಕೆಯನ್ನು ಅರ್ಜಿಯ ಭಾಷೆಗೆ ಇಳಿಸದೆ ಅದಕ್ಕೆ ಬೆಲೆಯಿರಲಿಲ್ಲ. ಸರ್ಕಾರವೇ ಈ ಅನ್ಯಾಯವನ್ನು ಅರಿತು 1984ರ ತಿದ್ದುಪಡಿಯಲ್ಲಿ 28-ಎ ಕಲಮು ಸೇರಿಸಿತು. ನ್ಯಾಯಾಲಯಕ್ಕೆ ಹೋದ ನೆರೆಯವನಿಗೆ ಹೆಚ್ಚು ಪರಿಹಾರ ಸಿಕ್ಕರೆ, ಅದೇ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡು ಅರ್ಜಿ ಹಾಕದೆ ಉಳಿದವನೂ ಆ ದರ ಕೇಳಬಹುದೆಂದು ಅದು ಹೇಳಿತು. ಆದರೆ ಅದಕ್ಕೂ ಒಂದು ಅರ್ಜಿ ಬೇಕಿತ್ತು, ಮೂರು ತಿಂಗಳ ಗಡುವೂ ಇತ್ತು.

ಈ ಪ್ರಸಂಗ ಮುಗಿದಿಲ್ಲ. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಅನುಮತಿ ನೀಡಿದೆ. ಮಟ್ಟ ಏರಿದರೆ ಇನ್ನಷ್ಟು ಹೊಲ, ಇನ್ನಷ್ಟು ಮನೆ ನೀರಿಗೆ ಹೋಗುತ್ತವೆ. ಈಗ 2013ರ ಕಾಯ್ದೆ ಬಂದಿದೆ. ಪರಿಹಾರದ ಸೂತ್ರ ಬದಲಾಗಿದೆ, ಕಾಗದಗಳೇನೂ ಕಡಿಮೆಯಾಗಿಲ್ಲ.

ಮತ್ತೆ ಇಳಕಲ್ಲಿನ ಹುಡುಗನ ಕಡೆಗೆ ಬರಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿ, ಆ ಅವಧಿಯಲ್ಲಿ ಊರಿನ ಬಡಗಿ, ಕುಂಬಾರ, ಮಾಲಿಗಳ ಬಳಿ ಕಲಿಯಲಿ ಎಂದಿತು. ಹತ್ತು ದಿನದಲ್ಲಿ ಕೊಂಡಿ ಹಾಕಲು ಬರುವುದಿಲ್ಲ. ನೇಕಾರರ ಮನೆಯ ಮಗುವಿಗೆ ಅದರ ಅಗತ್ಯವೂ ಇಲ್ಲ. ಅದು ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದಿರುತ್ತದೆ. ಅದಕ್ಕೆ ಬೇಕಾದದ್ದು ಅನುಪಾತದ ಪಾಠದ ದಿನ, ಎಂಟು ಗಜದ ಸೀರೆಯ ಹಾಸಿಗೆ ಇಷ್ಟು ನೂಲಾದರೆ ಆರು ಗಜದ್ದಕ್ಕೆ ಎಷ್ಟು ಎಂದು ಕೇಳಿ, ಅದು ಬಾಯಲ್ಲಿ ಹೇಳಿದ ಉತ್ತರವನ್ನು ಅದರ ಕೈಯಲ್ಲೇ ಹಲಗೆಯ ಮೇಲೆ ಬರೆಯಿಸುವ ಒಬ್ಬ ಮಾಸ್ತರರು. ಹಾಗೆ ಬರೆದು ಕಲಿತ ಹುಡುಗ ಮುಂದೆ ಮಗ್ಗಕ್ಕೆ ಕುಳಿತರೂ, ನೂಲು ತರುವಾಗ ಸಾಹುಕಾರನ ಖಾತೆಯ ಪುಸ್ತಕವನ್ನು ತಾನೇ ತಿರುವಿ ನೋಡುತ್ತಾನೆ.