ಒಂದು ಕಿಣ್ವದ ತಡೆ

ಎಚ್.ಐ.ವಿ. ವೈರಾಣುವು ರಕ್ತದ ರಕ್ಷಕಕೋಶವನ್ನು ಹೊಕ್ಕ ಬಳಿಕ ತನ್ನ ಆರ್.ಎನ್.ಎ.ಯಿಂದ ಡಿ.ಎನ್.ಎ. ರಚಿಸಿಕೊಂಡು, ಅದನ್ನು ಆ ಕೋಶದ ವರ್ಣತಂತುವಿನಲ್ಲಿಯೇ ಹೊಲಿದುಬಿಡುತ್ತದೆ. ಈ ಹೊಲಿಗೆಯ ಕೆಲಸ ಇಂಟಿಗ್ರೇಸ್ ಎಂಬ ಕಿಣ್ವದ್ದು. ಕಿಣ್ವದ ಮರ್ಮಸ್ಥಾನದಲ್ಲಿರುವ ಮೆಗ್ನೀಸಿಯಂ ಅಯಾನುಗಳನ್ನು ಹಿಡಿದು ಅದನ್ನು ನಿಷ್ಕ್ರಿಯಗೊಳಿಸುವ ಔಷಧಗಳಲ್ಲಿ ಮೊದಲನೆಯದಾದ ರಾಲ್ಟೆಗ್ರಾವಿರ್‌ಗೆ 2007ರಲ್ಲಿಯೂ, ಸಾಮಾನ್ಯವಾಗಿ ದಿನಕ್ಕೊಮ್ಮೆ ಸೇವಿಸಿದರೆ ಸಾಕಾಗುವ ಡೊಲುಟೆಗ್ರಾವಿರ್‌ಗೆ 2013ರಲ್ಲಿಯೂ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಲೋಹವನ್ನು ಹಿಡಿಯುವ ಈ ಗುಣದಿಂದಲೇ, ಕಬ್ಬಿಣದ ಮಾತ್ರೆಯೊಡನೆ ಬರಿಹೊಟ್ಟೆಯಲ್ಲಿ ನುಂಗಿದರೆ ಡೊಲುಟೆಗ್ರಾವಿರ್ ರಕ್ತಕ್ಕೆ ಸರಿಯಾಗಿ ಸೇರದು.

2018ರಲ್ಲಿ ಆಫ್ರಿಕದ ಬೋಟ್ಸ್ವಾನದಿಂದ ಕಳವಳಕಾರಿ ವರದಿಯೊಂದು ಬಂದಿತು. ಗರ್ಭಧಾರಣೆಯ ವೇಳೆಗೆ ಡೊಲುಟೆಗ್ರಾವಿರ್ ಸೇವಿಸುತ್ತಿದ್ದ ತಾಯಂದಿರ 426 ಹೆರಿಗೆಗಳಲ್ಲಿ 4 ಶಿಶುಗಳಿಗೆ ನರನಾಳದ ದೋಷ ಕಂಡುಬಂದಿತ್ತು. ಹಲವು ದೇಶಗಳು ಹೆರುವ ವಯಸ್ಸಿನ ಸ್ತ್ರೀಯರಿಗೆ ಈ ಮದ್ದನ್ನು ಕೊಡಲು ಹಿಂಜರಿದವು; ಪುರುಷರಿಗೆ ದೊರೆತ ಉತ್ತಮ ಚಿಕಿತ್ಸೆ ಅವರಿಗೆ ಕೈತಪ್ಪಿತು. ನಾಲ್ಕೇ ಪ್ರಕರಣಗಳ ಮೇಲೆ ನಿಂತ ಭಯವಾದರೂ ಅದನ್ನು ಅಲಕ್ಷಿಸುವಂತಿರಲಿಲ್ಲ. ಸುದೈವದಿಂದ ಅಲ್ಲಿ ಎಣಿಕೆ ನಿಲ್ಲಲಿಲ್ಲ. ಮರುವರ್ಷದ ವೇಳೆಗೆ ಒಟ್ಟು ಹೆರಿಗೆಗಳು 1683ಕ್ಕೆ ಏರಿದರೂ ದೋಷದ ಪ್ರಕರಣಗಳು ಐದೇ ಆಗಿದ್ದವು. 2019ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸ್ತ್ರೀಯರನ್ನೂ ಒಳಗೊಂಡು ಎಲ್ಲ ವಯಸ್ಕರಿಗೂ ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸಿತು.

ಆದರೆ ಒಮ್ಮೆ ಹೊಲಿದುಹೋದ ಡಿ.ಎನ್.ಎ.ಯನ್ನು ಈ ಮದ್ದು ಬಿಚ್ಚಲಾರದು. ಆದುದರಿಂದ ಗುಳಿಗೆಯನ್ನು ಜೀವಮಾನವಿಡೀ ನುಂಗಬೇಕಾಗುತ್ತದೆ.