ಸಲಾಯಿನ್ ಬಾಟ್ಲಿಯ ಲೆಕ್ಕ

ಮೈಯಲ್ಲಿ ಸುಸ್ತೆಂದರೆ ನಮ್ಮ ಅಕ್ಕಲಕೋಟ, ಜತ್ತ ಭಾಗದಲ್ಲಿ ಮೊದಲು ಬರುವ ಮಾತು, "ಡಾಕ್ಟರ್ರ, ಒಂದು ಸಲಾಯಿನ್ ಹಚ್ಚಿಬಿಡ್ರಿ." ಬಾಟ್ಲಿಯೊಳಗೆ ಏನಿದೆ ಎಂದು ಕೇಳುವವರು ಕಡಿಮೆ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು; ಇದನ್ನೂ ಹಾಗೆಯೇ ನೋಡೋಣ.

ಶೇಕಡಾ ೫ರ ಅರ್ಧ ಲೀಟರ್ ಗ್ಲೂಕೋಸ್ ಬಾಟ್ಲಿಯಲ್ಲಿ ಸಕ್ಕರೆ ೨೫ ಗ್ರಾಂ. ಶಕ್ತಿ ೧೦೦ ಕ್ಯಾಲೊರಿ ಮೀರದು. ದಪ್ಪನೆಯ ಒಂದು ಜೋಳದ ರೊಟ್ಟಿ ಅದಕ್ಕಿಂತ ಕಡಿಮೆಯಿಲ್ಲ! ಬರೀ ಸಲಾಯಿನ್ ಆದರೆ ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು, ಅಷ್ಟೇ. ಬಿ-ಕಾಂಪ್ಲೆಕ್ಸ್ ಬೆರೆಸಿದರೆ ಬಾಟ್ಲಿ ಹಳದಿಯಾಗುತ್ತದೆ. ಅದು ರೈಬೊಫ್ಲೇವಿನ್ ಜೀವಸತ್ವದ ಬಣ್ಣ. ಮೈಗೆ ಅದರ ಕೊರತೆಯಿಲ್ಲದಿದ್ದರೆ ಹೆಚ್ಚಿನ ಪಾಲು ಮೂತ್ರದಲ್ಲಿ ಹೋಗುತ್ತದೆ. ರೊಕ್ಕ ನಮ್ಮದು, ಜಮಾ ಮೋರಿಗೆ.

ಹಾಗೆಂದು ಬಾಟ್ಲಿಯೇ ಬೇಡವೆಂದಲ್ಲ. ವಾಂತಿ ನಿಲ್ಲದವರಿಗೆ, ಎಚ್ಚರ ತಪ್ಪಿದವರಿಗೆ, ಭೇದಿಯಿಂದ ಕಣ್ಣು ಗುಳಿಬಿದ್ದು ನಾಡಿ ಕುಂದಿದವರಿಗೆ ಅದು ಜೀವ ಉಳಿಸುತ್ತದೆ. ಬಹುಕಾಲ ಸೆರೆ ಕುಡಿದು ಊಟ ಬಿಟ್ಟವರಿಗೆ ಬಿ-೧ ಜೀವಸತ್ವವನ್ನು ನರಕ್ಕೇ ಕೊಡಬೇಕಾಗುವುದುಂಟು. ಆದರೆ ಹೃದಯ, ಮೂತ್ರಪಿಂಡ ದುರ್ಬಲವಾದವರಿಗೆ ಬೇಡದ ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟಬಹುದು. ಒಬ್ಬರ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆಯೂ ಅಂಟೀತು.

೧೯೭೧ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ ಸಲಾಯಿನ್ ತೀರುತ್ತ ಬಂತು. ಆಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನೇ ಕುಡಿಸಿದರು. ಶೇಕಡಾ ೩೦ರಷ್ಟಿದ್ದ ಸಾವು ೪ಕ್ಕಿಂತ ಕೆಳಗಿಳಿಯಿತು. ಇಂದಿನ ಓಆರ್‌ಎಸ್ ಪುಡಿ ಅದೇ ಬಳ್ಳಿಯದು. ಎಷ್ಟು ನೀರಿಗೆ ಎಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ೨೪ ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ.