ಕುಂಟುವ ಆಟ: ಬ್ರೌಸರಿನ ಪರಿಷ್ಕರಣವೂ ಪರೀಕ್ಷೆಯ ಕ್ರಮವೂ

ಕಳೆದ ವರ್ಷ ಒಂದು ಬೆಳಗ್ಗೆ ನಮ್ಮ ದ್ವಿತೀಯ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಲ್ಯಾಪ್‌ಟಾಪನ್ನು ಕಂಕುಳಲ್ಲಿರಿಸಿಕೊಂಡು ಪ್ರಯೋಗಶಾಲೆಗೆ ಬಂದನು. ಬ್ರೌಸರಿನಲ್ಲಿಯೇ ಆಡುವ ಕಾರು ಓಟದ ಆಟವೊಂದು ಅವನಿಗೆ ಅಚ್ಚುಮೆಚ್ಚು. ಹಿಂದಿನ ರಾತ್ರಿಯವರೆಗೆ ನೀರಿನಂತೆ ಹರಿಯುತ್ತಿದ್ದ ಆಟ ಅಂದು ಕುಂಟತೊಡಗಿತ್ತು. ನಡುವೆ ನಡೆದುದಿಷ್ಟೆ: ಬ್ರೌಸರು ತಾನಾಗಿಯೇ ಹೊಸ ಆವೃತ್ತಿಗೆ ಬದಲಾಗಿತ್ತು. “ಹಳೆಯ ಆವೃತ್ತಿಯನ್ನೇ ಹಾಕಿ, ಇನ್ನು ಮುಂದೆ ಅಪ್‌ಡೇಟು ಬಾರದಂತೆ ಮಾಡಿಬಿಡು” ಎಂಬುದು ಅವನ ಅಣ್ಣನ ಸಲಹೆ. “ಯಂತ್ರ ಹಳತಾಯಿತು, ಹೊಸದನ್ನೇ ಕೊಳ್ಳೋಣ” ಎಂದು ತಂದೆಯವರ ಅಭಿಪ್ರಾಯ. ಅದಕ್ಕಾಗಿ ಅವರು ತೆಗೆಯಲಿದ್ದುದು ಮಗನ ಮುಂದಿನ ವರ್ಷದ ಶುಲ್ಕಕ್ಕೆಂದು ಕೂಡಿಟ್ಟಿದ್ದ ಹಣವನ್ನು. ಆಟವು ಸಣ್ಣ ವಿಷಯವಿರಬಹುದು. ಆದರೆ ಒಂದು ಸಲಹೆಯಿಂದ ಯಂತ್ರದ ಸುರಕ್ಷತೆಗೂ ಇನ್ನೊಂದರಿಂದ ಮನೆಯ ಹಣಕ್ಕೂ ಧಕ್ಕೆಯೊದಗುವಂತಿತ್ತು. ಇವೆರಡರಲ್ಲಿ ಒಂದನ್ನು ಆರಿಸುವ ಮುನ್ನ ಕಾರಣವನ್ನು ಹುಡುಕುವುದೇ ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ದಾರಿಯಲ್ಲವೆ?

ಹದಿನಾರು ಮಿಲಿಸೆಕೆಂಡುಗಳ ಗಡುವು

ಸಿನಿಮಾ ಪರದೆಯ ಮೇಲಿನ ಚಿತ್ರಗಳು ನಿಜವಾಗಿ ಚಲಿಸುವುದಿಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ. ಸೆಕೆಂಡಿಗೆ 24ರಂತೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳು ನಮಗೆ ಚಲನೆಯ ಭಾವನೆಯನ್ನುಂಟುಮಾಡುತ್ತವೆ. ಕಂಪ್ಯೂಟರಿನ ಆಟವೂ ಹಾಗೆಯೇ. ಆದರೆ ಒಂದು ಮುಖ್ಯ ಭೇದವುಂಟು. ಸಿನಿಮಾದ ಚಿತ್ರಗಳು ಮೊದಲೇ ಸಿದ್ಧವಾಗಿರುತ್ತವೆ. ಆಟದ ಪ್ರತಿಯೊಂದು ಚಿತ್ರವನ್ನೂ ಯಂತ್ರವು ಆಯಾ ಕ್ಷಣದಲ್ಲಿಯೇ ರಚಿಸಬೇಕು. ಆಡುವವನು ಮುಂದೆ ಯಾವ ಕೀಲಿಯನ್ನು ಒತ್ತುವನೆಂಬುದು ಅದಕ್ಕೆ ಮುಂಚಿತವಾಗಿ ಹೇಗೆ ತಿಳಿದೀತು?

ಸಾಮಾನ್ಯವಾದ ಪರದೆಯು ಸೆಕೆಂಡಿಗೆ 60 ಬಾರಿ ಹೊಸ ಚಿತ್ರವನ್ನು ತೋರಿಸುತ್ತದೆ. ಆದುದರಿಂದ ಒಂದು ಚಿತ್ರಕ್ಕೆ ದೊರೆಯುವ ಕಾಲ 1000 ಮಿಲಿಸೆಕೆಂಡುಗಳ 60ನೆಯ ಒಂದು ಪಾಲು, ಎಂದರೆ ಸುಮಾರು 16.7 ಮಿಲಿಸೆಕೆಂಡು. ಕೀಲಿಯ ಒತ್ತನ್ನು ಗಮನಿಸುವುದು, ಕಾರಿನ ಹೊಸ ಸ್ಥಾನವನ್ನು ಲೆಕ್ಕಹಾಕುವುದು, ಡಿಕ್ಕಿಯಾಯಿತೇ ಎಂದು ನೋಡುವುದು, ದೃಶ್ಯವನ್ನು ಬರೆಯುವುದು, ಇವೆಲ್ಲವೂ ಈ ಗಡುವಿನೊಳಗೆ ಮುಗಿಯಬೇಕು.

ಗಡುವು ಮೀರಿದರೇನಾಗುವುದು? ಗಂಟೆಗೊಂದರಂತೆ ಹೊರಡುವ ಬಸ್ಸನ್ನು ನೆನೆಯಿರಿ. ಒಂದೇ ನಿಮಿಷ ತಡವಾದರೂ ಮುಂದಿನ ಬಸ್ಸಿಗೆ ಕಾಯಲೇಬೇಕು. ಚಿತ್ರವೊಂದು 15 ಮಿಲಿಸೆಕೆಂಡುಗಳಲ್ಲಿ ಸಿದ್ಧವಾಗುತ್ತಿದ್ದಾಗ ಆಟವು ಸೆಕೆಂಡಿಗೆ 60 ಚಿತ್ರಗಳಂತೆ ನಡೆಯುತ್ತಿತ್ತೆನ್ನೋಣ. ಕೆಲಸವು 18 ಮಿಲಿಸೆಕೆಂಡುಗಳಿಗೆ ಏರಿದರೆ ಪ್ರತಿಯೊಂದು ಚಿತ್ರವೂ ತನ್ನ ಸರದಿಯನ್ನು ತಪ್ಪಿಸಿಕೊಂಡು ಮುಂದಿನದಕ್ಕೆ ಕಾಯಬೇಕಾಗುತ್ತದೆ; ಸೆಕೆಂಡಿಗೆ ತೋರುವ ಚಿತ್ರಗಳು 30ಕ್ಕೆ ಇಳಿಯುತ್ತವೆ. ಕೆಲಸ ಹೆಚ್ಚಿದುದು ಐದನೆಯ ಒಂದು ಪಾಲು ಮಾತ್ರ. ವೇಗ ಕುಸಿದುದು ಅರ್ಧಕ್ಕೆ! ಮುಂದಿನ ಚಿತ್ರದ ಕೆಲಸವನ್ನು ಮೊದಲೇ ಆರಂಭಿಸಿ ಈ ನಷ್ಟವನ್ನು ಕೊಂಚ ತಗ್ಗಿಸುವ ವ್ಯವಸ್ಥೆಗಳೂ ಉಂಟು. ಆದರೂ ಸಣ್ಣದೊಂದು ಬದಲಾವಣೆಯಿಂದ ಆಟವು ಒಮ್ಮೆಗೇ ಕೆಟ್ಟಂತೆ ತೋರುವುದರ ಗುಟ್ಟು ಇಲ್ಲಿಯೇ ಇದೆ.

ಚಿತ್ರವನ್ನು ಬರೆಯುವವರಾರು?

ಅಗಲದಲ್ಲಿ 1920, ಎತ್ತರದಲ್ಲಿ 1080 ಬಿಂದುಗಳಿರುವ ಪರದೆಯಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಇವನ್ನೇ ಪಿಕ್ಸೆಲ್ ಎನ್ನುತ್ತಾರೆ. ಸೆಕೆಂಡಿಗೆ 60 ಬಾರಿ ಇವೆಲ್ಲಕ್ಕೂ ಬಣ್ಣವನ್ನು ನಿರ್ಧರಿಸಬೇಕಾದರೆ 12 ಕೋಟಿಗೂ ಹೆಚ್ಚು ನಿರ್ಧಾರಗಳಾದವು. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಬಹಳ ಜಾಣ. ಆದರೆ ಅದರಲ್ಲಿ ಏಕಕಾಲಕ್ಕೆ ದುಡಿಯುವ ಘಟಕಗಳು ಕೆಲವೇ. ಗ್ರಾಫಿಕ್ಸ್ ಚಿಪ್ಪಿನಲ್ಲಾದರೋ ಒಂದೇ ಬಗೆಯ ಸರಳ ಲೆಕ್ಕವನ್ನು ಒಟ್ಟಿಗೆ ಮಾಡುವ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಘಟಕಗಳಿರುತ್ತವೆ. ಒಬ್ಬ ಪಂಡಿತನು ನೂರು ಮೂಟೆಗಳನ್ನು ಹೊರುವುದಕ್ಕಿಂತ ನೂರು ಹಮಾಲರು ಒಂದೊಂದನ್ನು ಹೊತ್ತರೆ ಕೆಲಸ ಬೇಗ ಮುಗಿಯುವುದಷ್ಟೆ? ಬ್ರೌಸರು ಚಿತ್ರಣದ ಹೊರೆಯನ್ನು ಈ ಚಿಪ್ಪಿಗೆ ವಹಿಸುವುದನ್ನು ಹಾರ್ಡ್‌ವೇರ್ ಆಕ್ಸಿಲರೇಶನ್ ಎಂದು ಕರೆಯುತ್ತಾರೆ. ಚಿಪ್ಪಿಗೂ ಉಳಿದ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಪ್ರೋಗ್ರಾಮಿಗೆ ಡ್ರೈವರು ಎಂದು ಹೆಸರು.

ಹಿಂದೆ ಬ್ರೌಸರಿನ ಆಟಗಳಿಗೆ ಫ್ಲ್ಯಾಷ್ ಎಂಬ ಪ್ಲಗ್-ಇನ್ ಬೇಕಾಗುತ್ತಿತ್ತು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ರಂದು ಅದರ ಪೋಷಣೆಯನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಷ್ ತನ್ನಲ್ಲಿನ ಆಟಗಳನ್ನು ನಡೆಸುವುದನ್ನೇ ತಡೆಯಿತು. ಅಂತಹ ಹಳೆಯ ಆಟಗಳಲ್ಲಿ ಅನೇಕವು ಇಂದು ರಫಲ್ ಎಂಬ ಅನುಕರಣ ಪ್ರೋಗ್ರಾಮಿನ ಮೂಲಕ ನಡೆಯುತ್ತವೆ. ಹೊಸ ಆಟಗಳಿಗೆ ಪ್ಲಗ್-ಇನ್ ಬೇಕಿಲ್ಲ. 2011ರಲ್ಲಿ ಪ್ರಕಟವಾದ ವೆಬ್‌ಜಿಎಲ್ ಎಂಬ ಮಾನಕದ ಮೂಲಕ ಅವು ಗ್ರಾಫಿಕ್ಸ್ ಚಿಪ್ಪನ್ನು ಬಳಸುತ್ತವೆ. ಲೆಕ್ಕಾಚಾರವನ್ನು ಚುರುಕುಗೊಳಿಸುವ ವೆಬ್‌ಅಸೆಂಬ್ಲಿ 2019ರಲ್ಲಿ ಅಧಿಕೃತ ಮಾನಕವಾಯಿತು. ಈಗ ಜನರು ಪ್ಲಗ್-ಇನ್ ಎಂದು ವಾಡಿಕೆಯಲ್ಲಿ ಹೇಳುವುದು ಬಹುಮಟ್ಟಿಗೆ ಎಕ್ಸ್‌ಟೆನ್ಷನ್‌ಗಳನ್ನು, ಎಂದರೆ ಜಾಹೀರಾತು ತಡೆಯುವ, ಅನುವಾದ ಮಾಡುವ ಮುಂತಾದ ಪುಟ್ಟ ಸೇರ್ಪಡೆಗಳನ್ನು.

ಪರಿಷ್ಕರಣದಿಂದ ಬದಲಾಗುವುದೇನು?

ಮೊದಲನೆಯದಾಗಿ, ಕೂಡಿಟ್ಟ ಸರಕು ನಷ್ಟವಾಗುತ್ತದೆ. ಆಟದ ಸೂಚನೆಗಳನ್ನು ಯಂತ್ರಭಾಷೆಗೆ ತಿರುಗಿಸಿದ ಮೇಲೆ ಬ್ರೌಸರು ಅದರ ಫಲವನ್ನು ಮುಂದಿನ ಬಾರಿಗೆಂದು ತೆಗೆದಿಡುವುದುಂಟು. ಆವೃತ್ತಿ ಬದಲಾದಾಗ ಹಳೆಯ ತರ್ಜುಮೆಯನ್ನು ನಂಬುವಂತಿಲ್ಲ. ಎಲ್ಲವನ್ನೂ ಮತ್ತೆ ಮಾಡಬೇಕು. ಇಂತಹ ನಿಧಾನವು ಒಂದೆರಡು ಆಟಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ.

ಎರಡನೆಯದಾಗಿ, ದುಭಾಷಿಯೊಡನೆ ಜಗಳವಾಗಬಹುದು. ದೋಷವುಳ್ಳವೆಂದು ಗೊತ್ತಾದ ಡ್ರೈವರುಗಳ ಪಟ್ಟಿಯೊಂದನ್ನು ಬ್ರೌಸರು ತಯಾರಿಸುವವರು ಇಟ್ಟಿರುತ್ತಾರೆ. ನಮ್ಮ ಹಳೆಯ ಡ್ರೈವರು ಹೊಸ ಪಟ್ಟಿಯಲ್ಲಿ ಸೇರಿದರೆ ಬ್ರೌಸರು ಚಿಪ್ಪನ್ನು ಬದಿಗಿರಿಸಿ ಮುಖ್ಯ ಪ್ರೊಸೆಸರಿನಿಂದಲೇ ಚಿತ್ರ ಬರೆಸಬಹುದು. ಎಲ್ಲ ಮೂಟೆಗಳೂ ಆಗ ಪಂಡಿತನ ತಲೆಯ ಮೇಲೆ!

ಮೂರನೆಯದಾಗಿ, ಯಾವುದಾದರೊಂದು ಎಕ್ಸ್‌ಟೆನ್ಷನ್ ಹೊಸ ಆವೃತ್ತಿಯೊಡನೆ ಹೊಂದದೆ ಪ್ರೊಸೆಸರಿನ ಕಾಲವನ್ನು ನುಂಗುತ್ತಿರಬಹುದು. ನಾಲ್ಕನೆಯದಾಗಿ, ಪರಿಷ್ಕರಣವು ಬೇಕೆಂದೇ ಏನನ್ನಾದರೂ ಕಳೆದಿರಬಹುದು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರಿನ ದೋಷಗಳು ಬಯಲಿಗೆ ಬಂದವು. ಕಾಲವನ್ನು ಅತಿಸೂಕ್ಷ್ಮವಾಗಿ ಅಳೆದು ಅನ್ಯರ ಗುಟ್ಟುಗಳನ್ನು ಕದಿಯಲು ಸಾಧ್ಯವೆಂದು ತಿಳಿದಾಗ ಬ್ರೌಸರುಗಳು ಪುಟಗಳಿಗೆ ಕೊಡುತ್ತಿದ್ದ ಗಡಿಯಾರದ ಸೂಕ್ಷ್ಮತೆಯನ್ನು ತಗ್ಗಿಸಿದವು. ಕೆಲಸವನ್ನು ಹಂಚಿಕೊಳ್ಳಲು ನೆರವಾಗುವ ಒಂದು ಸೌಲಭ್ಯವನ್ನು ಕೆಲಕಾಲ ತಡೆಹಿಡಿದವು. ಅಣ್ಣನ ಸಲಹೆ ಏಕೆ ತಪ್ಪೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪರಿಷ್ಕರಣವನ್ನು ನಿಲ್ಲಿಸಿದವನು ಆಟದ ವೇಗಕ್ಕಾಗಿ ಮನೆಯ ಬೀಗವನ್ನು ತೆಗೆದಿಟ್ಟಂತೆಯೇ ಸರಿ.

ಪರೀಕ್ಷೆಯ ಕ್ರಮ

ಪ್ರಯೋಗಶಾಲೆಯ ಮೊದಲ ನಿಯಮವೇ ಇಲ್ಲಿಯೂ ನಿಯಮ: ಒಂದು ಬಾರಿಗೆ ಒಂದನ್ನೇ ಬದಲಾಯಿಸಬೇಕು, ಫಲವನ್ನು ಬರೆದಿಡಬೇಕು. ಅನೇಕ ಆಟಗಳಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳೆಂಬುದನ್ನು ಎಫ್‌ಪಿಎಸ್ ಎಂಬ ಹೆಸರಿನಲ್ಲಿ ತೋರಿಸುವ ಅನುಕೂಲವಿರುತ್ತದೆ. ಕಣ್ಣಂದಾಜಿಗಿಂತ ಆ ಸಂಖ್ಯೆಯನ್ನು ನಂಬುವುದು ಮೇಲು.

ಮೊದಲು ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸಿ ಮತ್ತೆ ಆರಂಭಿಸಿ, ವಿದ್ಯುತ್ತಿಗೆ ಜೋಡಿಸಿ, ಆಟವನ್ನು ಎರಡು ಮೂರು ಬಾರಿ ಆಡಿ ನೋಡಬೇಕು. ಬ್ಯಾಟರಿ ಉಳಿಸುವ ವ್ಯವಸ್ಥೆಯೂ ಪ್ರೊಸೆಸರಿನ ಬಿಸಿಯೂ ವೇಗವನ್ನು ತಗ್ಗಿಸಬಲ್ಲವು. ಆರಂಭದಲ್ಲಿ ಚುರುಕಾಗಿದ್ದು ಹತ್ತು ನಿಮಿಷಗಳ ಮೇಲೆ ಕುಂಟುವ ಆಟವಾದರೆ ಶಾಖದ ಮೇಲೆಯೇ ಮೊದಲ ಅನುಮಾನ.

ಬಳಿಕ, ದೋಷ ಚಿತ್ರಣದಲ್ಲಿದೆಯೋ ಜಾಲದಲ್ಲಿದೆಯೋ ಎಂದು ನೋಡಬೇಕು. ನಮ್ಮ ಕಾರು ಸರಾಗವಾಗಿ ಓಡುತ್ತಿದ್ದು ಇತರ ಆಟಗಾರರ ಕಾರುಗಳು ಮಾತ್ರ ಜಿಗಿಜಿಗಿದು ಬರುತ್ತಿದ್ದರೆ ಇಂಟರ್‌ನೆಟ್ಟಿನ ಸಂಪರ್ಕವೇ ಕಾರಣವಾಗಿರುವ ಸಂಭವ ಹೆಚ್ಚು. ಇಡೀ ದೃಶ್ಯವೇ ಕುಂಟುತ್ತಿದ್ದರೆ ಯಂತ್ರದೊಳಗೆ ಹುಡುಕಬೇಕು.

ಮೂರನೆಯದಾಗಿ, ಕಿಟಕಿಯ ಅಗಲವನ್ನೂ ಎತ್ತರವನ್ನೂ ಅರ್ಧಕ್ಕಿಳಿಸಿ ನೋಡಬೇಕು. ಆಗ ಬಿಂದುಗಳು ನಾಲ್ಕನೆಯ ಒಂದು ಪಾಲಾಗುತ್ತವೆ. ವೇಗ ಬಹಳವಾಗಿ ಹೆಚ್ಚಿದರೆ ಚಿತ್ರಣದ ಹೊರೆಯೇ ಕಾರಣ. ಹೆಚ್ಚದಿದ್ದರೆ ಲೆಕ್ಕಾಚಾರದ ಕಡೆ ಅಥವಾ ಎಕ್ಸ್‌ಟೆನ್ಷನ್‌ಗಳ ಕಡೆ ನೋಡಬೇಕು. ಕೆಲವು ಆಟಗಳು ಒಳಗೆ ಒಂದೇ ಅಳತೆಯ ಚಿತ್ರವನ್ನು ಬರೆದು ಬಳಿಕ ಕುಗ್ಗಿಸುವುದರಿಂದ ಅಂತಹವುಗಳಲ್ಲಿ ಈ ಪರೀಕ್ಷೆ ನಡೆಯದು.

ಎಕ್ಸ್‌ಟೆನ್ಷನ್‌ಗಳ ಮೇಲೆ ಸಂಶಯವಿದ್ದರೆ ಎಲ್ಲವನ್ನೂ ಒಮ್ಮೆಗೆ ನಿಲ್ಲಿಸಿ ನೋಡಬಹುದು. ಆಟ ಸರಿಹೋದರೆ ಅವುಗಳಲ್ಲಿ ಅಪರಾಧಿ ಯಾವುದು? ಒಂದೊಂದಾಗಿ ಹುಡುಕಬೇಕಾಗಿಲ್ಲ. ಹದಿನಾರು ಇದ್ದರೆ ಎಂಟನ್ನು ಮಾತ್ರ ನಡೆಯಗೊಡಿ. ದೋಷ ಕಂಡರೆ ಅಪರಾಧಿ ಆ ಎಂಟರಲ್ಲಿದೆ; ಕಾಣದಿದ್ದರೆ ಉಳಿದ ಎಂಟರಲ್ಲಿದೆ. ಬಳಿಕ ನಾಲ್ಕು, ಎರಡು, ಒಂದು. ನಾಲ್ಕೇ ಪರೀಕ್ಷೆಗಳಲ್ಲಿ ಕೆಲಸ ಮುಗಿಯುತ್ತದೆ. ಅಪರಾಧಿ ಒಂದೇ ಆಗಿದ್ದರೆ ಮಾತ್ರ ಎಂಬುದನ್ನು ಮರೆಯಬಾರದು. ಬ್ರೌಸರನ್ನು ತಯಾರಿಸುವವರೂ ಇದೇ ಉಪಾಯದಿಂದ ಸಾವಿರ ಆವೃತ್ತಿಗಳ ನಡುವೆ ದೋಷ ಹುಟ್ಟಿದ ಆವೃತ್ತಿಯನ್ನು ಸುಮಾರು ಹತ್ತೇ ಪರೀಕ್ಷೆಗಳಲ್ಲಿ ಹಿಡಿಯುತ್ತಾರೆ. 2ನ್ನು ಹತ್ತು ಬಾರಿ ಗುಣಿಸಿದರೆ 1024 ಆಗುವುದಷ್ಟೆ.

ಚಿತ್ರಣದ ಮೇಲೆ ಸಂಶಯವಿದ್ದರೆ ಬ್ರೌಸರಿನ ಮಾಹಿತಿ ಪುಟವನ್ನು ತೆರೆಯಬೇಕು. ಫೈರ್‌ಫಾಕ್ಸಿನಲ್ಲಿ ಇದು ಸಹಾಯದ ಪಟ್ಟಿಯಲ್ಲಿ ದೊರೆಯುತ್ತದೆ. ಕ್ರೋಮ್‌ನಲ್ಲಿ ಜಿಪಿಯು ಎಂಬ ಹೆಸರಿನ ಪುಟವಿದೆ. ಚಿತ್ರಕಾರನ ಸ್ಥಾನದಲ್ಲಿ ನಮ್ಮ ಚಿಪ್ಪಿನ ಹೆಸರಿದ್ದರೆ ಸರಿ. ಸ್ವಿಫ್ಟ್‌ಷೇಡರ್, ಎಲ್‌ಎಲ್‌ವಿಎಂಪೈಪ್ ಅಥವಾ ಮೈಕ್ರೋಸಾಫ್ಟ್ ಬೇಸಿಕ್ ರೆಂಡರ್ ಡ್ರೈವರ್ ಎಂದಿದ್ದರೆ ಚಿತ್ರ ಬರೆಯುತ್ತಿರುವುದು ಮುಖ್ಯ ಪ್ರೊಸೆಸರೇ ಎಂದು ತಿಳಿಯಬೇಕು.

ಆ ಲ್ಯಾಪ್‌ಟಾಪಿನಲ್ಲಿ ಕಂಡುದು

ನಮ್ಮಿಂದಲೂ ಒಂದು ತಪ್ಪಾಯಿತೆಂದು ಒಪ್ಪಿಕೊಳ್ಳಬೇಕು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ನ ಮೇಲೆ ಮೊದಲೇ ಅನುಮಾನಪಟ್ಟು, ಬೇರೇನನ್ನೂ ಅಳೆಯದೆ ಒಂದು ಗಂಟೆಯನ್ನು ಕಳೆದೆವು. ಫಲ ಸೊನ್ನೆ. “ಸರ್, ನೀವೇ ಹೇಳಿಕೊಟ್ಟಂತೆ ಮೊದಲು ಅಳತೆ ಮಾಡೋಣವೆ?” ಎಂದು ವಿದ್ಯಾರ್ಥಿಯು ಸಂಕೋಚದಿಂದ ಕೇಳಿದನು. ಅವನ ಮಾತು ಸರಿಯಾಗಿತ್ತು.

ಪೂರ್ಣ ಪರದೆಯಲ್ಲಿ ಆಟವು ಸೆಕೆಂಡಿಗೆ 12 ಚಿತ್ರಗಳನ್ನು ಮಾತ್ರ ತೋರಿಸುತ್ತಿತ್ತು, ಎಂದರೆ ಚಿತ್ರಕ್ಕೆ ಸುಮಾರು 83 ಮಿಲಿಸೆಕೆಂಡು. ಅಗಲ ಎತ್ತರಗಳನ್ನು ಅರ್ಧ ಮಾಡಿದಾಗ 30 ಚಿತ್ರಗಳಾದವು, ಎಂದರೆ ಸುಮಾರು 33 ಮಿಲಿಸೆಕೆಂಡು. ಬಿಂದುಗಳಲ್ಲಿ ಮುಕ್ಕಾಲು ಪಾಲು ಕಡಿಮೆಯಾದುದರಿಂದ 50 ಮಿಲಿಸೆಕೆಂಡುಗಳು ಉಳಿದವು. ಹಾಗಾದರೆ ಎಲ್ಲ ಬಿಂದುಗಳಿಗೂ ತಗಲುತ್ತಿದ್ದ ಕಾಲ ಸುಮಾರು 67 ಮಿಲಿಸೆಕೆಂಡು. ಮಿಕ್ಕ ಕೆಲಸಕ್ಕೆ 16 ಮಾತ್ರ. ಬಸ್ಸಿಗೆ ಕಾಯುವ ಕಾಲವೂ ಇದರಲ್ಲಿ ಸೇರಿರುವುದರಿಂದ ಇದು ಒರಟು ಲೆಕ್ಕ. ಆದರೂ ಹುಡುಕಬೇಕಾದ ದಿಕ್ಕನ್ನು ತೋರಿಸಲು ಸಾಕು. ಮಾಹಿತಿ ಪುಟವನ್ನು ತೆರೆದಾಗ ಚಿಪ್ಪಿನ ಹೆಸರೇ ಇರಲಿಲ್ಲ. ಅದರ ಡ್ರೈವರು ಲ್ಯಾಪ್‌ಟಾಪನ್ನು ಕೊಂಡ ದಿನದಿಂದಲೂ ಬದಲಾಗಿರಲಿಲ್ಲ. ಹೊಸ ಬ್ರೌಸರು ಅದನ್ನು ಒಪ್ಪದೆ ಬಿಟ್ಟಿತ್ತು.

ಲ್ಯಾಪ್‌ಟಾಪನ್ನು ತಯಾರಿಸಿದವರ ತಾಣದಿಂದಲೇ ಆ ಮಾದರಿಗೆ ತಕ್ಕ ಹೊಸ ಡ್ರೈವರನ್ನು ಪಡೆದು ಅಳವಡಿಸಿ ಯಂತ್ರವನ್ನು ಮತ್ತೆ ಆರಂಭಿಸಿದೆವು. ಮೊದಲ ಆಟದಲ್ಲಿ ಒಂದೆರಡು ಬಾರಿ ತಡೆತಡೆದು ಓಡಿದ ಕಾರು ಎರಡನೆಯ ಆಟದಲ್ಲಿ ಸೆಕೆಂಡಿಗೆ 60 ಚಿತ್ರಗಳಂತೆ ಓಡಿತು. ಖರ್ಚಾದುದು ಒಂದು ಮಧ್ಯಾಹ್ನದ ಹೊತ್ತು. ತಂದೆಯವರ ಹಣ ಶುಲ್ಕಕ್ಕೇ ಉಳಿಯಿತು, ಪರಿಷ್ಕರಣವೂ ನಿಲ್ಲಲಿಲ್ಲ.

ಎಲ್ಲ ಯಂತ್ರಗಳಲ್ಲಿಯೂ ಫಲ ಇಷ್ಟು ಸುಲಭವಾಗಿ ದೊರೆಯುವುದೆಂದು ಹೇಳಲಾಗದು. ತಯಾರಕರು ಹೊಸ ಡ್ರೈವರನ್ನು ಕೊಡುವುದನ್ನೇ ನಿಲ್ಲಿಸಿರಬಹುದು. ದೋಷವು ಬ್ರೌಸರಿನದೇ ಆಗಿದ್ದು ಮುಂದಿನ ಆವೃತ್ತಿಗಾಗಿ ಕಾಯಬೇಕಾಗಬಹುದು. ಆಗಲೂ ನಾವು ಬರೆದಿಟ್ಟ ಅಳತೆಗಳು ವ್ಯರ್ಥವಲ್ಲ. “ಆಟ ನಿಧಾನವಾಗಿದೆ” ಎಂಬ ದೂರಿನಿಂದ ತಯಾರಕರಿಗೆ ಏನೂ ತಿಳಿಯದು. “ಇಂತಹ ಆವೃತ್ತಿಯವರೆಗೆ 60, ಅದರ ಮುಂದಿನದರಲ್ಲಿ 12” ಎಂದರೆ ಅವರಿಗೆ ಹುಡುಕಬೇಕಾದ ಜಾಗವೇ ಸಿಕ್ಕಂತಾಗುತ್ತದೆ. ಆ ವಿದ್ಯಾರ್ಥಿಯು ಅಂದಿನ ಅಳತೆಗಳನ್ನು ತನ್ನ ಪ್ರಯೋಗ ಪುಸ್ತಕದ ಕೊನೆಯ ಹಾಳೆಯಲ್ಲಿ ಕೋಷ್ಟಕ ಮಾಡಿ ಬರೆದುಕೊಂಡಿದ್ದಾನೆ. ಅದಕ್ಕೆ ನಾವು ಅಂಕ ಕೊಡುವಂತಿರಲಿಲ್ಲ, ಸಹಿಯನ್ನಂತೂ ಹಾಕಿಕೊಟ್ಟೆವು.